ಅಡುಗೆಮನೆಯ ಅಳತೆ

"ಸ್ಲ್ಯಾಬ್ ಎಷ್ಟು ಅಗಲ ಉಂಟು ಸರ್?"

ಹಕೀಮನಿಗೆ ಉತ್ತರ ಗೊತ್ತಿರಲಿಲ್ಲ. ಪುತ್ತೂರಿನ ಅಂಗಡಿಯಲ್ಲಿ ದೀಪಾವಳಿ ಸೇಲಿನ ನೂಕುನುಗ್ಗಲು. ಸೇಲ್ಸಿನ ಫಯಾಝ್ ಮೈಕ್ರೋವೇವ್ ಒಂದಕ್ಕೆ ಟೇಪು ಹಿಡಿದುಕೊಂಡು ಕಾಯುತ್ತಿದ್ದ.

"ಸಾಧಾರಣ," ಎಂದ ಹಕೀಮ್.

"ಹಿಂದೆ ಗಾಳಿಗೆ ಜಾಗ ಬೇಕು. ದೊಡ್ಡ ಪ್ಲಗ್ ಪಾಯಿಂಟ್ ಉಂಟಲ್ಲ ಅಲ್ಲಿ?"

"ಇರಬಹುದು."

"ನಿಮ್ಮದೇ ಮನೆ ಅಲ್ವಾ ಸರ್?" ಫಯಾಝ್ ನಕ್ಕ. ತಮಾಷೆಗೆ ಅಂದದ್ದು. ಹಕೀಮನೂ ನಕ್ಕ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ಜೋಕಿಗೆ ನಗುವ ಹಾಗೆ.

ಮದುವೆಯಾದಂದಿನಿಂದ ಅವನಿರುವುದು ಉಪ್ಪಿನಂಗಡಿಯಲ್ಲಿ, ಹೆಂಡತಿ ಹಸ್ನಾಳ ಮನೆಯಲ್ಲಿ. ಅವರ ಕಡೆ ಅದೇನೂ ವಿಶೇಷವಲ್ಲ. ಅಳಿಯನಿಗೆ ಹಂಚಿನಿಂದಿಳಿದ ಮೊದಲ ಅಕ್ಕಿ ಪತ್ತಿರ್, ಕೋಳಿಯ ಒಳ್ಳೆಯ ತುಂಡು, ಚಾವಡಿಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ. ಹತ್ತು ವರ್ಷ ಕಳೆದರೂ ಉಪಚಾರ ಒಂದಿಷ್ಟೂ ಕಡಿಮೆಯಾಗಿಲ್ಲ. ಅದೇ ತೊಂದರೆ.

ಮೊದಲ ವರ್ಷ ಒಮ್ಮೆ ನೀರಿಗೆಂದು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿದ್ದ. ಒಳಗೆ ಹಸ್ನಾ ಮತ್ತು ಅತ್ತೆ ಕದೀಜಮ್ಮ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನನ್ನು ಕಂಡದ್ದೇ ನಗು ನಿಂತಿತು. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, "ಕರೆದಿದ್ರೆ ತರ್ತಿದ್ದೆವಲ್ಲ," ಎಂದಿದ್ದರು. ಆಮೇಲೆ ಅವನು ಕರೆಯುತ್ತಲೇ ಬಂದ.

ಅರ್ಥಶಾಸ್ತ್ರ ಪಾಠ ಮಾಡುವವನಿಗೆ ತನ್ನ ಲೆಕ್ಕಾಚಾರದ ಬಗ್ಗೆ ನಾಚಿಕೆಯೂ ಆಗುತ್ತಿತ್ತು. ಈ ಪೆಟ್ಟಿಗೆ ಅಡುಗೆಮನೆಗೆ ಹೋದರೆ ಅದರ ಹಿಂದೆ ತಾನೂ ಹೋಗಬಹುದು. ಮುಚ್ಚಿಟ್ಟ ಊಟವನ್ನು ತಾನೇ ಬಿಸಿಮಾಡಿಕೊಂಡು, ಅಲ್ಲೇ ನಿಂತು, ಅವರ ಮಾತು ಕೇಳುತ್ತಾ ಉಣ್ಣಬಹುದು. ಅವನಿಗೆ ಬೇಕಾದದ್ದು ಅಷ್ಟೇ.

ಹಸ್ನಾಳಿಗೆ ಫೋನ್ ಮಾಡಿದ.

"ಅಡುಗೆಮನೆಯ ಸ್ಲ್ಯಾಬ್ ಎಷ್ಟು ಅಗಲ?"

"ನಿಮಗೆಂತಕ್ಕೆ ಅದು?"

"ಸುಮ್ನೆ."

"ಸುಮ್ನೆ ಯಾರಾದ್ರೂ ಅಡುಗೆಮನೆ ಅಳೀತಾರಾ? ಊಟಕ್ಕೆ ಬರ್ತೀರಲ್ಲ?"

"ಬರ್ತೇನೆ."

ಅವಳ ಹಿಂದೆ ಪಾತ್ರೆಯ ಸದ್ದು, ಯಾರದೋ ನಗು. ಫೋನ್ ಕಟ್ಟಾದ ಮೇಲೂ ಅವನು ಅದನ್ನು ಕಿವಿಯಿಂದ ತೆಗೆಯಲಿಲ್ಲ.

"ಇದನ್ನೇ ಕೊಡಿ," ಎಂದ, ಎದುರಿಗಿದ್ದದ್ದನ್ನು ತೋರಿಸಿ.

ಕಾರಿನಲ್ಲಿ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ದಾರಿಯುದ್ದಕ್ಕೂ ಅದು ಒಳ್ಳೆಯ ಜೊತೆ ಕೊಟ್ಟಿತು.

ಕದೀಜಮ್ಮನಿಗೆ ಸಂತೋಷವೋ ಸಂತೋಷ. "ಅಳಿಯ ತಂದದ್ದು," ಎಂದು ಪಕ್ಕದ ಮನೆಗೂ ಕೂಗಿ ಹೇಳಿದರು. ಹಕೀಮ್ ಪೆಟ್ಟಿಗೆ ಎತ್ತಿಕೊಂಡು ಅಡುಗೆಮನೆಯತ್ತ ಎರಡು ಹೆಜ್ಜೆ ಇಟ್ಟ.

"ಅಲ್ಲಿಗೆ ಬೇಡ," ಅತ್ತೆ ತಡೆದರು. "ಬರೀ ಎಣ್ಣೆ ಜಿಡ್ಡು. ಇಷ್ಟು ಚಂದದ್ದು ಹಾಳಾಗುದು ಎಂತಕ್ಕೆ? ಚಾವಡಿಯಲ್ಲಿಡುವ, ಬಂದವರು ನೋಡ್ಲಿ."

"ಚಾವಡಿಯಲ್ಲಿ ಪಾಯಿಂಟ್ ಇಲ್ಲ."

"ಪಾಯಿಂಟ್ ಎಂತಕ್ಕೆ? ಬಿಸಿ ಮಾಡ್ಲಿಕ್ಕೆ ನಾನಿಲ್ವಾ?"

"ನನ್ನ ಊಟ ನಾನೇ ಬಿಸಿ ಮಾಡ್ಕೊಳ್ಳುವ ಅಂತ..."

ಅತ್ತೆಯ ಮುಖ ಸಣ್ಣದಾಯಿತು. "ನಮ್ಮಿಂದ ಎಂತ ಕಡಿಮೆ ಆಯ್ತು?"

ಹಸ್ನಾ ಗಂಡನನ್ನು ನೋಡಿದಳು. ಏನಾದರೂ ಹೇಳುತ್ತಾಳೆಂದು ಅವನು ಕಾದ. ಅವಳು ಕಪಾಟಿನಿಂದ ಕಸೂತಿಯ ಬಟ್ಟೆ ತರಲು ಹೋದಳು.

"ಏನೂ ಇಲ್ಲ," ಎಂದ ಹಕೀಮ್.

ಮೈಕ್ರೋವೇವ್ ಚಾವಡಿಯ ಶೋಕೇಸಿನ ಮೇಲೆ, ಪ್ಲಾಸ್ಟಿಕ್ ಹೂಗಳ ಪಕ್ಕದಲ್ಲಿ ಕೂತಿತು. ಹಸ್ನಾ ಅದರ ತಲೆಗೆ ಬಟ್ಟೆ ಹೊದಿಸಿದಳು. ಕದೀಜಮ್ಮ ನೋಯುವ ಮಂಡಿ ಎಳೆಯುತ್ತಾ ಹಬೆಯಾಡುವ ಊಟ ತಂದಿಟ್ಟು, ಬಾಗಿಲ ಪರದೆ ಸರಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು.

ತಲೆಯೆತ್ತಿದರೆ, ಎದುರಿನ ಮೈಕ್ರೋವೇವಿನ ಕಪ್ಪು ಗಾಜಿನೊಳಗೆ ಒಬ್ಬ ಸಣ್ಣ ಮನುಷ್ಯ ತಟ್ಟೆಯ ಮುಂದೆ ಕೂತಿದ್ದ. ಹಕೀಮ್ ತುತ್ತು ಎತ್ತಿದರೆ ಅವನೂ ಎತ್ತಿದ. ಹಕೀಮನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಎಡಗೈಯಲ್ಲಿ ಅದರ ಬಾಗಿಲು ತೆರೆದ. ಒಳಗೆ ಬಿಳಿ ಗೋಡೆಗಳು, ಒಂದು ಗಾಜಿನ ತಟ್ಟೆ.

ಟಕ್ಕೆಂದ ಸದ್ದಿಗೆ ನಗು ನಿಂತಿತು.

"ಎಂತ ಬೇಕಿತ್ತು?" ಪರದೆಯ ಆಚೆಯಿಂದ ಅತ್ತೆಯ ದನಿ.

"ಏನೂ ಬೇಡ."

ಅವನು ಬಾಗಿಲು ಮುಚ್ಚಿ ಕುರ್ಚಿಗೆ ಮರಳಿದ. ಗಾಜಿನೊಳಗಿನವನೂ ಬಂದು ತನ್ನ ಜಾಗದಲ್ಲಿ ಕೂತ.