ತಾಮ್ರದಲ್ಲಿ ಬರೆದ ಹೆಸರು

ನಂದಿತಾ ಹಗಲೆಲ್ಲ ಟಿ. ನಗರದ ವಿಮಾ ಕಚೇರಿಯಲ್ಲಿ ದುಡಿಯುತ್ತಿದ್ದಳು. ಸಂಜೆ ಪೆರಂಬೂರಿನ ಮನೆಗೆ ಬಂದು, ಊಟದ ಮೇಜಿನ ಅರ್ಧ ಜಾಗ ಹಿಡಿದು ಸಿಂಥಸೈಜರ್ ಕಟ್ಟಲು ಕೂರುತ್ತಿದ್ದಳು. ತಂತಿ, ತಿದಿ ಯಾವುದೂ ಇಲ್ಲದೆ ಬರೀ ಕರೆಂಟಿನಿಂದ ನಾದ ಹೊರಡಿಸುವ ವಾದ್ಯ ಅದು. ಅಂಗಡಿಯಲ್ಲೂ ಸಿಗುತ್ತದೆ. ಆದರೆ ಕೈಯಾರೆ ಕಟ್ಟುವ ರುಚಿ ಹತ್ತಿದವರು ಅಂಗಡಿಯ ಕಡೆ ತಿರುಗುವುದಿಲ್ಲ. ಚೆನ್ನೈಯಲ್ಲಿ ಅಂಥ ಹುಚ್ಚಿನವರದೊಂದು ವಾಟ್ಸ್ಆ್ಯಪ್ ಗುಂಪಿತ್ತು.

ಆ ವರ್ಷ ಅವಳು ತಾನೇ ಒಂದು ಸರ್ಕ್ಯೂಟ್ ಬೋರ್ಡನ್ನು ವಿನ್ಯಾಸ ಮಾಡಿದಳು. ಮೇ ತಿಂಗಳ ಕತ್ತರಿ ಬಿಸಿಲಿನ ಸೆಕೆಯಲ್ಲೂ ಅದರ ಶ್ರುತಿ ಅಲುಗುತ್ತಿರಲಿಲ್ಲ. ಒಬ್ಬೊಬ್ಬರೇ ಕಾರ್ಖಾನೆಯಿಂದ ತರಿಸಿದರೆ ದುಬಾರಿ. ಎಲ್ಲರೂ ಸೇರಿ ಆರ್ಡರ್ ಮಾಡೋಣವೆಂದು ಗುಂಪಿನಲ್ಲಿ ಬರೆದು, ವಿನ್ಯಾಸದ ಫೈಲನ್ನೂ ಹಾಕಿದಳು. ಯಾರು ಬೇಕಾದರೂ ಬಳಸಬಹುದು, ಹೆಸರು ಮಾತ್ರ ಹಾಗೇ ಇರಬೇಕು ಎಂಬುದೊಂದೇ ಕರಾರು. ಬೋರ್ಡಿನ ಹಿಂಬದಿಯ ತಾಮ್ರದ ಪದರದಲ್ಲಿ ಅವಳು ಕನ್ನಡದಲ್ಲಿ ‘ನಂದಿತಾ’ ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದಳು.

ಮರುದಿನವೇ ರೂಪೇಶ್ ಫೋನ್ ಮಾಡಿದ. ಮೈಸೂರಿನವನು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್, ಗುಂಪಿನ ಅಡ್ಮಿನ್. ಬಿಡುವಿನಲ್ಲಿ ಬಿಡಿಭಾಗ ಮಾರಲು ತನ್ನದೊಂದು ಬ್ರ್ಯಾಂಡ್ ಇಟ್ಟುಕೊಂಡಿದ್ದ.

“ಡಿಸೈನ್ ಸೂಪರ್ ಆಗಿದೆ ನಂದಿತಾ ಅವರೇ. ಆರ್ಡರ್ ತಲೆನೋವು ನನಗೆ ಬಿಡಿ. ನನ್ನ ಬ್ರ್ಯಾಂಡ್ ಹೆಸರಲ್ಲಿ ಬಂದ್ರೆ ಜನಕ್ಕೂ ನಂಬಿಕೆ ಇರುತ್ತೆ.”

“ನನ್ನ ಹೆಸರಲ್ಲಿ ಬಂದ್ರೆ ಯಾಕಿರಲ್ಲ?”

“ಹಾಗಲ್ಲ. ಹಿಂದೆ ಕನ್ನಡದಲ್ಲಿ ಬರ್ದಿದೀರಲ್ಲ, ಇಲ್ಲಿ ಯಾರಿಗೆ ಓದಕ್ಕೆ ಬರುತ್ತೆ ಹೇಳಿ?”

“ನಿಮಗೆ ಬರುತ್ತಲ್ಲ, ಸಾಕು,” ಎಂದು ಅವಳು ಫೋನಿಟ್ಟಳು.

ರೂಪೇಶ್ ಸುಮ್ಮನಾಗಲಿಲ್ಲ. ಅದೇ ಫೈಲನ್ನು ತಿದ್ದಿ, ತನ್ನ ಬ್ರ್ಯಾಂಡ್ ಅಂಟಿಸಿ, ತನ್ನದೇ ಆರ್ಡರ್ ಶುರುಮಾಡಿದ. ಅವಳಿಗೆ ‘ಬೇಕು’ ಎಂದಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಅತ್ತ ಜಾರಿದರು. ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದ ಗೆಳತಿ ಭಾವನಾ ಕೂಡ ಹೋದದ್ದು ನಂದಿತಾಗೆ ಚುಚ್ಚಿತು.

“ಪೋನಾ ಪೋಗಟ್ಟುಂ, ಹೋದ್ರೆ ಹೋಗ್ಲಿ ಅಂತ ಬಿಟ್ಬಿಡೇ,” ಎಂದರು ತಾಯಿ ವಾಸಂತಿ. ಅವರು ಹುಟ್ಟಿದ್ದೇ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. “ಎಲ್ರೂ ಆ ಕಡೆ ಹೋದ್ಮೇಲೆ ಇನ್ಯಾರಿಗೋಸ್ಕರ ಆರ್ಡರ್ರು?”

“ನನಗೋಸ್ಕರ.”

“ಒಬ್ಬಳೇ ಅಷ್ಟು ಬೋರ್ಡು ಇಟ್ಕೊಂಡು ಏನ್ಮಾಡ್ತೀಯೆ?”

“ಗೋಡೆಗೆ ಹೊಡೀತೀನಿ. ಆದ್ರೆ ಮಾಡ್ಸೇ ಮಾಡ್ಸ್ತೀನಮ್ಮ.”

ಕಾರ್ಖಾನೆ ಒಪ್ಪುವ ಅತಿ ಚಿಕ್ಕ ಆರ್ಡರನ್ನು ಅವಳು ಕೊಟ್ಟಳು. ಬೋರ್ಡುಗಳು ಬಂದ ಸಂಜೆಯೇ ಒಂದಕ್ಕೆ ಬೆಸುಗೆ ಹಾಕಿ ಸ್ಪೀಕರಿಗೆ ಜೋಡಿಸಿದಳು. ದುಂಡಗಿನ, ಗಟ್ಟಿಯಾದ ಸ್ವರವೊಂದು ಎದ್ದು ಮನೆ ತುಂಬಿತು. ವಾಸಂತಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು, ಅದು ನಿಲ್ಲುವವರೆಗೂ ಕೇಳಿದರು.

ಅದೇ ವಾರ ರೂಪೇಶನ ಬೋರ್ಡುಗಳೂ ಬಂದವು. ಒಂದೂ ಹಾಡಲಿಲ್ಲ. ಬರೀ ಕರಕರ ಸದ್ದು. ಗುಂಪಿನಲ್ಲಿ ಗಲಾಟೆ ಎದ್ದಿತು. “ಮೂಲ ಡಿಸೈನ್‌ನಲ್ಲೇ ದೋಷ. ನಂದಿತಾ ಅವರೇ ಉತ್ತರ ಕೊಡಬೇಕು,” ಎಂದು ರೂಪೇಶ್ ಬರೆದ. ಬೋರ್ಡಿನ ಮೇಲೆ ಬೇಡವಾಗಿದ್ದ ಹೆಸರು ಬೈಗುಳಕ್ಕೆ ಬೇಕಾಯಿತು.

ಭಾನುವಾರ ಭಾವನಾ ತನ್ನ ಬೋರ್ಡು ಹಿಡಿದು ಬಾಗಿಲಲ್ಲಿ ನಿಂತಳು. “ತಪ್ಪಾಯ್ತು ಕಣೇ. ಒಂದ್ಸಲ ನೋಡ್ತೀಯಾ?”

ನಂದಿತಾ ಬೋರ್ಡನ್ನು ತೆಗೆದುಕೊಂಡು ತಿರುಗಿಸಿದಳು. ಅವಳ ಹೆಸರಿದ್ದ ಜಾಗದಲ್ಲಿ ರೂಪೇಶನ ಬ್ರ್ಯಾಂಡು ಬಿಳಿ ಬಣ್ಣದಲ್ಲಿ ಅಚ್ಚಾಗಿತ್ತು. ಕೆಳಗಿನ ಗೆರೆಯೂ ಇರಲಿಲ್ಲ. ಅವಳಿಗೆ ತಕ್ಷಣ ಅರ್ಥವಾಯಿತು. ಬೋರ್ಡಿನ ಎಡಬಲದ ಅರ್ತಿಂಗ್ ಸೇರಿಸಲು ಬೇರೆಲ್ಲೂ ಜಾಗ ಸಾಲದೆ, ಅವಳು ಆ ತಾಮ್ರದ ಗೆರೆಯನ್ನೇ ಕರೆಂಟಿನ ದಾರಿ ಮಾಡಿದ್ದಳು. ಅಲಂಕಾರವೆಂದುಕೊಂಡು ಅವನು ಹೆಸರಿನ ಜೊತೆಗೇ ಅದನ್ನೂ ಅಳಿಸಿದ್ದ. ಅವಳು ಅಲ್ಲೊಂದು ತುಂಡು ತಂತಿ ಇಟ್ಟು ಬೆಸೆದಳು. ಬೋರ್ಡು ಹಾಡಿತು.

“ಇದನ್ನ ರೂಪೇಶ್ ಒಬ್ಬರಿಗೇ ಹೇಳ್ಬಿಡು,” ಎಂದಳು ಭಾವನಾ. “ಗ್ರೂಪಲ್ಲಿ ಹಾಕಿದ್ರೆ ಅವರಿಗೆ ಅವಮಾನ, ಅಸಿಂಗ ಆಗುತ್ತೆ.”

“ಆಗ್ಲಿ. ನನ್ನನ್ನ ಬೈದದ್ದೂ ಗ್ರೂಪಲ್ಲೇ.”

ನಂದಿತಾ ಎರಡೂ ಬೋರ್ಡುಗಳ ಫೋಟೋ ಹಾಕಿ, ಕೆಳಗೆ ಬರೆದಳು: “ಬೋರ್ಡು ಎಸೆಯಬೇಡಿ. ನನ್ನ ಹೆಸರು ಅಳಿಸಿದ ಜಾಗದಲ್ಲಿ ಒಂದು ತಂತಿ ಬೆಸೆಯಿರಿ, ಸರಿಹೋಗುತ್ತದೆ.” ಅದನ್ನೇ ತಮಿಳಿನಲ್ಲೂ ಬರೆದಳು.

ಸ್ವಲ್ಪ ಹೊತ್ತಿಗೇ ರೂಪೇಶನ ಫೋನು ಬಂತು. “ನನ್ನ ಮರ್ಯಾದೆ ತೆಗೆದ್ರಿ. ಒಂದು ಮಾತು ನನಗೆ ಹೇಳಬಹುದಿತ್ತು.”

“ಅಳಿಸೋವಾಗ ನೀವು ನನಗೊಂದು ಮಾತು ಹೇಳಿದ್ರಾ?”

ಅವನ ದನಿ ತಗ್ಗಿತು. “ಆಯ್ತು, ರಾಜಿ ಆಗೋಣ. ಮುಂದಿನ ಆರ್ಡರಲ್ಲಿ ಇಬ್ಬರ ಹೆಸರೂ ಹಾಕೋಣ.”

“ನೀವು ಏನು ಮಾಡಿದ್ರಿ ಅಂತ ನಿಮ್ಮ ಹೆಸರು ಹಾಕ್ಬೇಕು?”

ಅವನು ಫೋನಿಟ್ಟ. ಆಮೇಲೆ ನೋಡಿದರೆ ಗುಂಪಿನಿಂದ ಅವಳನ್ನು ತೆಗೆದುಹಾಕಿದ್ದ.

ನಂದಿತಾಗೆ ಸಿಟ್ಟು ಬಂತು. ಅಲ್ಲೇ ಕೂತು ಹೊಸ ಗುಂಪು ತೆರೆದಳು. ಮೊದಲು ಸೇರಿದವಳು ಎದುರಿಗೇ ಕೂತಿದ್ದ ಭಾವನಾ. ವಾರದಲ್ಲಿ ಇನ್ನೂ ಹಲವರು ಬಂದರು. ಕೆಲವರು ರೂಪೇಶನ ಜೊತೆಗೇ ಉಳಿದರು. ಅವರನ್ನು ಅವಳು ಕರೆಯಲೂ ಇಲ್ಲ. ಮರುವಾರ ಸೋಮವಾರ ಬೆಳಿಗ್ಗೆ, ಮುಂದಿನ ಬೋರ್ಡಿಗೆ ಯಾರ್ಯಾರು ಬರುತ್ತೀರಿ ಎಂದು ಹೊಸ ಗುಂಪಿನಲ್ಲಿ ಕೇಳಿ, ಬ್ಯಾಗು ಹೆಗಲಿಗೇರಿಸಿ, ಟಿ. ನಗರದ ಬಸ್ಸು ಹತ್ತಿದಳು.