ಒಳಗಿನ ಕಲ್ಲು, ಹೊರಗಿನ ತಾಳ

ಇದು ನಡೆದದ್ದೇ, ಕೂದಲೆಳೆಯಷ್ಟು ಸುಳ್ಳಿದ್ದರೂ ನಾಳೆಯಿಂದ ನನ್ನ ಗಂಜಿಗೆ ಉಪ್ಪಿನಕಾಯಿ ಸಿಗದೆ ಹೋಗಲಿ — ಆಂಟೆನಾ ಅಳೆಯುವ ಪೆಟ್ಟಿಗೆಯ ಪರದೆಯ ಮೂಲೆಯಲ್ಲಿ ಕೆಂಪಕ್ಷರ ಮಿಣುಕುತ್ತಿದೆ, ಲಾಕ್ ತಪ್ಪಿದೆ ಎಂದು ಅದರ ಅರ್ಥವಂತೆ, ಸರಸಳಿಗೆ ಇಂಗ್ಲಿಷ್ ಓದಲು ಬಾರದು, ಹನ್ನೆರಡು ವರ್ಷ ಈ ಲ್ಯಾಬಿನ ಮೇಜು ಒರೆಸಿದವಳಿಗೆ ಕೆಂಪು ಅಂದರೆ ಸಾಕು, ಕೈಯಲ್ಲಿ ಬಟ್ಟೆ, ಬೆನ್ನಿಗೆ ಎಸಿಯ ತಂಪು, ಕಾಪುವಿನಿಂದ ಎರಡು ಬಸ್ಸು ಬದಲಿಸಿ ಕಾರ್ಕಳಕ್ಕೆ ಬರುವುದೇ ಈ ತಂಪಿಗೆ, ರಿಪೇರಿಗೆಂದು ಕಂಪೆನಿಯಿಂದ ಬಂದ ಸುಕೇಶ ಲ್ಯಾಪ್‌ಟಾಪ್ ಮುಚ್ಚುತ್ತಾನೆ, ಸೋರ್ಸ್ ಬೋರ್ಡೇ ಹೋಗಿದೆ ಮೇಡಂ, ಕೊಂಡುಹೋಗ್ಬೇಕು, ಮೂರು ತಿಂಗಳು ಬೇಕು, ಅಯ್ಯೋ ಮಾರಾಯ್ರೆ ಮೂರು ತಿಂಗಳಾ ಎಂದು ವಿದ್ಯಾರ್ಥಿ ರಾಝಿಕ್ ಕುರ್ಚಿಗೆ ಕುಸಿಯುತ್ತಾನೆ, ಅವನು ಮಾಡಿದ ಆಂಟೆನಾವನ್ನು ಇವತ್ತು ಅಳೆಯದಿದ್ದರೆ ಅವನ ಒಂದು ವರ್ಷವೇ ಹೋಯಿತು, ಲ್ಯಾಬಿನ ಮುಖ್ಯಸ್ಥೆ ಚೈತಾಲಿ ಮೇಡಂ ಮಾತ್ರ ದನಿ ಏರಿಸುವವರಲ್ಲ, ನಿನ್ನೆ ಸಂಜೆ ಸರಿ ಇತ್ತಲ್ವಾ, ಯಾರು ಮುಟ್ಟಿದ್ದು, ಕೆಲಸದವರಲ್ಲಿ ಮುಟ್ಟಿದವರು ಯಾರೇ ಆಗಲಿ, ನಾಳೆಯಿಂದ ಹಾಸ್ಟೆಲಿನ ಅಡುಗೆಕೋಣೆಗೆ.

ಅಡುಗೆಕೋಣೆ ಅಂದರೆ ಎಂಟುನೂರು ಮಕ್ಕಳ ಅನ್ನ, ಹಬೆ, ಬೆವರು — ಮುಟ್ಟಿದ್ದು ಯಾರು, ನಿನ್ನೆ ಸಂಜೆ ಇರುವೆಗಳು, ರಾಝಿಕ್ ತಿಂದ ಬಿಸ್ಕತ್ತಿನ ಪುಡಿಯಿಂದ ಹೊರಟ ಸಾಲು ನೆಟ್ಟಗೆ ಪೆಟ್ಟಿಗೆಯ ಬೆನ್ನಿನ ತೂತಿಗೆ, ಕಪ್ಪು, ದುಂಡಗೆ, ಬಾಯಿ ತೆರೆದ ತೂತು, ಎಂಥ ಇರುವೆಗಳು ಅಂದರೆ ಬಿಟ್ಟಿದ್ದರೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೆಜಮಾಡಿ ಟೋಲ್ ಗೇಟು ದಾಟುತ್ತಿದ್ದವು, ಸರಸ ಕಪಾಟಿನಲ್ಲಿದ್ದ ಒಂದು ಕೇಬಲ್ಲಿನ ತಲೆಯನ್ನು ತೂತಿಗೆ ಸಿಕ್ಕಿಸಿ ತಿರುಪಿದಳು, ಬಾಲ ನೇತಾಡಿತು, ನೇತಾಡುವುದು ಕಂಡರೆ ಅವಳಿಗೆ ಆಗುವುದಿಲ್ಲ, ಪಕ್ಕದಲ್ಲಿದ್ದ, ಸಿಗ್ನಲ್ ಹೊರಡಿಸುವ ಹಳೆಯ ಜನರೇಟರಿನ ಬೆನ್ನಲ್ಲೂ ಒಂದು ತೂತಿತ್ತು, ಅದಕ್ಕೆ ಬಾಲ, ಎರಡೂ ಮುಚ್ಚಿದವು, ಚಂದ ಕಂಡಿತು — ಬೆಳಿಗ್ಗೆ ಬಂದು ದಿನದ ಹಾಗೆ ಎಲ್ಲ ಸ್ವಿಚ್ಚು ಹಾಕಿದವಳೂ ಅವಳೇ, ಹಳೆಯದರದ್ದೂ.

ಪೆಟ್ಟಿಗೆ ಬಿಸಿಯಾಗಲಿ ಸರಸಕ್ಕ ಎಂದು ರಾಝಿಕ್ ಹೇಳಿಕೊಟ್ಟದ್ದು, ಯಾಕೆ ಅಂದರೆ ಒಳಗೊಂದು ಪುಟ್ಟ ಬೆಚ್ಚನೆಯ ಗೂಡು, ಗೂಡಿನಲ್ಲಿ ಹರಳುಕಲ್ಲು, ಕೋಳಿ ಕಾವಿಗೆ ಕುಳಿತ ಹಾಗೆ ಅದಕ್ಕೆ ಒಂದೇ ಹದದ ಬಿಸಿ, ಆ ಕಲ್ಲು ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುತ್ತದೆ, ಎಣಿಸಿದ್ದು ಯಾರೋ, ಪಕ್ಕದಲ್ಲಿ ಇನ್ನೊಬ್ಬ, ಅವನು ಸಾವಿರ ಕೋಟಿ ಮಿಡಿಯುವ ಓಟಗಾರ, ಆದರೆ ಹಗ್ಗ ಬಿಚ್ಚಿದ ಕರು, ಎತ್ತ ಬೇಕಾದರೂ ನುಗ್ಗುವವ, ಹಾಗಾಗಿ ಅವನ ಓಟವನ್ನು ಭಾಗ ಮಾಡಿ ಮಾಡಿ ಇಳಿಸಿ ಕಲ್ಲಿನ ಮಿಡಿತದ ಪಕ್ಕ ಇಟ್ಟು ನೋಡುತ್ತಾರೆ, ಮುಂದೆ ಹೋದರೆ ಎಳೆ, ಹಿಂದೆ ಬಿದ್ದರೆ ದೂಡು, ಎರಡೂ ಸರಿ ಕೂಡಿದರೆ ಅದೇ ಲಾಕ್, ಆಮೇಲೆ ಓಟದ ವೇಗವನ್ನು ಒಂದೊಂದೇ ಮೆಟ್ಟಿಲು ಹತ್ತಿಸುವುದು, ಪ್ರತಿ ಮೆಟ್ಟಿಲಿಗೂ ಮತ್ತೆ ಹಿಡಿಯುವುದು, ಬಾಗಿಲಲ್ಲಿ ಒಬ್ಬ ಸಾರಿನ ರುಚಿ ನೋಡುವವನ ಹಾಗೆ ಸಿಗ್ನಲಿನ ಬಲ ಹೆಚ್ಚಾಯಿತಾ ಕಡಿಮೆಯಾಯಿತಾ ಎಂದು ನೋಡಿ ಸರಿಮಾಡುತ್ತಾನೆ, ಹೊರಡುವ ಮುಂಚೆ ಒಂದು ಪಾಲನ್ನು ಸಾಕ್ಷಿಗೆ ಒಳಗೇ ಇಟ್ಟುಕೊಂಡು ಉಳಿದದ್ದನ್ನು ಆಂಟೆನಾಕ್ಕೆ ಕಳಿಸುವುದು, ಅಲ್ಲಿಂದ ತಿರುಗಿ ಬಂದದ್ದನ್ನು ಸಾಕ್ಷಿಯ ಪಕ್ಕ ಇಟ್ಟು ಅಳೆಯುವುದು — ಇದನ್ನೇ ಅವಳು ಬಸ್ಸಿನಲ್ಲಿ ಪಕ್ಕ ಕೂರುವ ಬೇಬಿಗೆ ಹೇಳುವಾಗ ಪೆಟ್ಟಿಗೆಗೆ ದುಬಾಯಿಯಲ್ಲಿ ಕೆಮ್ಮಿದ್ದೂ ಕೇಳುತ್ತದೆ ಎಂದು ಸೇರಿಸಿದ್ದುಂಟು, ಬೇಬಿ ನಂಬಿದ್ದೂ ಉಂಟು — ಮತ್ತೆ ಬೆನ್ನಿನ ತೂತು, ಅದು ಎಂತಕ್ಕೆ ರಾಝಿಕ್ ಎಂದು ಕೇಳಿದ್ದಳಲ್ಲ, ಹೊರಗಿನವನ ತಾಳ ತಗೊಳ್ಳಿಕ್ಕೆ ಸರಸಕ್ಕ, ಅಲ್ಲಿಂದ ತಾಳ ಬಂದ್ರೆ ಪೆಟ್ಟಿಗೆ ತನ್ನ ಕಲ್ಲನ್ನು ಬಿಟ್ಟು ಅವನ ಹಿಂದೆ ಹೋಗ್ತದೆ.

ಹಳೆಯ ಜನರೇಟರಿಗೆ ಕಾವಿನ ಗೂಡೇ ಇಲ್ಲ, ಅದರ ತಾಳ ಸಂತೆಕಟ್ಟೆಯಲ್ಲಿ ಹೈವೇ ದಾಟುವ ಮುದುಕನ ಹೆಜ್ಜೆ, ಅದರ ಹಿಂದೆ ಹೋದ ಓಟಗಾರ ಲಾಕ್ ತಪ್ಪದೆ ಏನು ಮಾಡುತ್ತಾನೆ — ಮೂವರೂ ಚಹಾಕ್ಕೆ ಹೊರಟರು, ಬಾಗಿಲು ಮುಚ್ಚಿತು, ಸರಸ ಪೆಟ್ಟಿಗೆಯನ್ನು ಗೋಡೆಯಿಂದ ಗೇಣುದ್ದ ಎಳೆದಳು, ಸುಕೇಶ ಅದರ ಬೆನ್ನನ್ನೇ ನೋಡಿರಲಿಲ್ಲ, ಕೇಬಲ್ಲಿನ ತಿರುಪು ಬಿಚ್ಚಿದಳು, ಒಂದು, ಎರಡು, ಮೂರು ಉಸಿರು, ಬೆಳಿಗ್ಗೆಯಿಂದ ಕಾವಿನಲ್ಲೇ ಇದ್ದ ಕಲ್ಲು ಓಟಗಾರನನ್ನು ಹಿಡಿಯಿತು, ಕೆಂಪು ಆರಿತು.

ನೋಡಿ, ನಾನು ರೀಸೆಟ್ ಮಾಡಿದ್ದು ಈಗ ಹಿಡಿದದ್ದು ಎಂದು ಚಹಾ ಮುಗಿಸಿ ಬಂದ ಸುಕೇಶ ಎದೆಯುಬ್ಬಿಸುತ್ತಾನೆ, ರಾಝಿಕ್ ಆಗಲೇ ಆಂಟೆನಾ ಜೋಡಿಸುತ್ತಿದ್ದಾನೆ, ಸುಮ್ಮನಿದ್ದರೆ ಮುಗಿಯಿತು, ಬೆನ್ನ ಹಿಂದಿನ ಕೈಯಲ್ಲಿ ಕೇಬಲ್, ಸುಮ್ಮನಿರು ಸರಸ, ತಂಪು, ಅಡುಗೆಕೋಣೆ, ಆದರೆ ಅಲ್ಲಿ ಗೋಡೆಯ ಕಡೆ ಆ ತೂತು, ಕಪ್ಪು, ದುಂಡಗೆ, ಅಂಚಿನಲ್ಲಿ ಒಂದೇ ಒಂದು ಇರುವೆ ಮೀಸೆ ಆಡಿಸುತ್ತಾ ನಿಂತಿದೆ, ಒಳಗೆ ಹೋಗಲೋ ಬೇಡವೋ ಎಂದು — ಕೇಬಲ್ಲನ್ನು ತಂದು ಮೇಡಮ್ಮನ ಮುಂದೆ ಮೇಜಿನ ಮೇಲಿಟ್ಟಳು. ಮೇಡಂ ಕೇಬಲ್ ನೋಡಿದರು, ಪೆಟ್ಟಿಗೆ ನೋಡಿದರು, ಸರಸಳನ್ನು ನೋಡಿದರು. ಮೇಡಂ, ಹಿಂದೆ ಒಂದು ತೂತು ಬಾಯಿ ಬಿಟ್ಕೊಂಡು ಉಂಟು, ಅದಕ್ಕೊಂದು ಮುಚ್ಚಳ ತರಿಸಿಕೊಡಿ, ಅಡುಗೆಕೋಣೆಗೆ ಹೋದ ಮೇಲೆ ನಾನು ಇಲ್ಲಿಗೆ ಬಂದು ಇರುವೆ ಕಾಯ್ಲಿಕ್ಕೆ ಆಗುದಿಲ್ಲ ಅಲ್ವಾ.