ಕಾಗೆ ಒಪ್ಪಿದ ಕಾದಂಬರಿ

ಕುರುಗೋಡಿನ ಬೋರ್ಡ್ ಶಾಲೆಯ ಕನ್ನಡ ಮಾಸ್ತರ ಗವಿಸಿದ್ದಪ್ಪ ತನ್ನ ಕಾದಂಬರಿಯನ್ನು ಐದು ವರ್ಷದಲ್ಲಿ ಬರೆದ. ಅದಕ್ಕೊಂದು ಹೆಸರು ಹುಡುಕಲು ಆರನೆಯ ವರ್ಷ ಹಿಡಿಯಿತು. 'ಶ್ರದ್ಧೆ ಮತ್ತು ವಿಧಿ' ಎಂದರೆ ಪರೀಕ್ಷೆಯ ಪ್ರಶ್ನೆಯಂತಿತ್ತು, ಮುಂದೆ 'ಟಿಪ್ಪಣಿ ಬರೆಯಿರಿ, ಐದು ಅಂಕ' ಎಂದು ಸೇರಿಸಬೇಕೆನಿಸುತ್ತಿತ್ತು. 'ನಂಬಿಕೆ, ಹಣೆಬರಹ' ಎಂದರೆ ಕಟ್ಟೆಯ ಮೇಲಿನ ಹರಟೆ. ಕೊನೆಗೆ ನಲವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಕರಿಹಲಗೆ ಒರೆಸುತ್ತಿದ್ದಾಗ 'ಶ್ರದ್ಧಾವಿಧಿ' ಎಂಬ ಸಮಾಸ ಹೊಳೆಯಿತು. ಪುಸ್ತಕದ ಅರ್ಧ ಭವಿಷ್ಯ ಅದರ ಹೆಸರಿನಲ್ಲೇ ಇರುತ್ತದೆ ಎಂದು ಅವನಿಗೆ ಅನ್ನಿಸಿತು. ಅದೇನೂ ಸುಳ್ಳಾಗಲಿಲ್ಲ, ಅರ್ಧ ಎಂಬುದಷ್ಟೇ ಸುಳ್ಳಾಯಿತು.

ಕಥೆ ದೊಡ್ಡದೇನಲ್ಲ. ಮನೆ ಬಿಟ್ಟು ಹೋದ ಅಪ್ಪ ಇಂದಲ್ಲ ನಾಳೆ ಬರುತ್ತಾನೆಂದು ಮಗ ಇಪ್ಪತ್ತು ವರ್ಷ ಹೊಳೆದಂಡೆಯ ಮನೆಯ ಬಾಗಿಲು ಹಾಕದೆ ಕಾಯುತ್ತಾನೆ. ಅದು ಶ್ರದ್ಧೆ. ಕೊನೆಯ ಪುಟದಲ್ಲಿ ಅಪ್ಪ ಬರುತ್ತಾನೆ. ಅವತ್ತೇ ಬೆಳಿಗ್ಗೆ ಮಗ ಅಪ್ಪನನ್ನು ಹುಡುಕಿಕೊಂಡು ಹೊರಟುಹೋಗಿರುತ್ತಾನೆ. ಅದು ವಿಧಿ.

ಸಿರುಗುಪ್ಪದ ಅಕ್ಕಿ ಗಿರಣಿಯ ಯಜಮಾನ ಕೊಟ್ರಬಸಪ್ಪನ ಮಗಳು ಚನ್ನಬಸಮ್ಮನ ಜೊತೆ ಗವಿಸಿದ್ದಪ್ಪನ ಮದುವೆ ನಿಶ್ಚಯವಾಗಿತ್ತು. ಹುಡುಗಿ ನೋಡಲು ಹೋದ ದಿನ, ಮಾತಿನ ನಡುವೆ ಈ ಕಥೆ ಅರ್ಧದವರೆಗೆ ಬಂದು ನಿಂತಿತ್ತು. ಚನ್ನಬಸಮ್ಮ ತಲೆಯೆತ್ತಿ ಎಲ್ಲರ ಎದುರಿಗೇ ಕೇಳಿದ್ದಳು:

"ಕಡೀಕ ಅವರಪ್ಪ ಬರ್ತಾನೇನ್ರಿ?"

"ಅಚ್ಚಾಗಲಿ, ಮೊದಲನೇ ಪ್ರತಿ ನಿಮಗ ಕಳಸ್ತೀನಿ," ಎಂದಿದ್ದ ಗವಿಸಿದ್ದಪ್ಪ. ಈ ಹುಡುಗಿ ಕೈತಪ್ಪಿದರೆ ಹೆಂಡತಿಯೂ ಸಿಗಲಿಕ್ಕಿಲ್ಲ, ಓದುಗರೂ ಸಿಗಲಿಕ್ಕಿಲ್ಲ ಎಂದು ಅವನಿಗೆ ಅಂದೇ ಖಾತ್ರಿಯಾಗಿತ್ತು.

ಬಳ್ಳಾರಿಯ ಬ್ರೂಸ್‌ಪೇಟೆಯ ಪ್ರೆಸ್ಸೊಂದರಲ್ಲಿ ಐದುನೂರು ಪ್ರತಿ ಅಚ್ಚಾದವು. ಹೇಳಿದ್ದಂತೆ ಮೊದಲನೆಯದು ಪ್ರೆಸ್ಸಿನಿಂದಲೇ ನೇರ ಸಿರುಗುಪ್ಪಕ್ಕೆ, ರೂಢಿಯಂತೆ ಮನೆಯ ಯಜಮಾನನ ಹೆಸರಿಗೆ, ಟಪಾಲಿನಲ್ಲಿ ಹೋಯಿತು, ಹತ್ತು ಪ್ರತಿ ಬಳ್ಳಾರಿಯ ಅಂಗಡಿಗೆ ಹೋದವು. ಉಳಿದ ಗಂಟು ಮರುದಿನ ಬಸ್ಸಿನ ತಲೆಯ ಮೇಲೆ ಕುರುಗೋಡಿಗೆ ಬಂತು. ಗವಿಸಿದ್ದಪ್ಪ ಸುತಳಿ ಬಿಚ್ಚಿ ನೋಡಿದ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಶ್ರಾದ್ಧವಿಧಿ' ಎಂದಿತ್ತು. ದೀರ್ಘ ಒಂದಕ್ಷರ ಹಿಂದಕ್ಕೆ ಜರುಗಿತ್ತು, ಅಷ್ಟೇ. ಅಷ್ಟಕ್ಕೇ ಕಾದಂಬರಿ ಹೋಗಿ, ಸತ್ತವರಿಗೆ ಪಿಂಡ ಇಡುವ ಕ್ರಮದ ಕೈಪಿಡಿ ಬಂದು ಕೂತಿತ್ತು.

ಅದೇ ಬಸ್ಸಿನಲ್ಲಿ ಬಳ್ಳಾರಿಗೆ ಹೋದ. ಅಚ್ಚಿನ ಮೊಳೆ ಜೋಡಿಸುವ ಹೊನ್ನೂರಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು ಚಹಾ ಕುಡಿಯುತ್ತಿದ್ದ.

"ಹೊನ್ನೂರಪ್ಪ, ಏನಿದು?"

"ಪುಸ್ತಕ ರೀ."

"ಹೆಸರು ಏನೈತಿ ನೋಡು!"

"ಓ, ಅದಾ? ನೀವು ತಪ್ಪು ಬರದಿದ್ರಿ, ತಿದ್ದೀನಿ. ಮೂವತ್ತು ವರ್ಷದಾಗ ಶ್ರದ್ಧಾವಿಧಿ ಅನ್ನೋ ಮಾತು ನಮ್ಮ ಪ್ರೆಸ್ಸಿಗೆ ಬಂದಿಲ್ಲ. ಶ್ರಾದ್ಧ ಅಂದ್ರ ವಾರಕ್ಕ ನಾಕು ಕಾರ್ಡು ಬರ್ತಾವ. ಮಾಸ್ತರು ಅವಸರದಾಗ ದೀರ್ಘ ಆಕಡಿ ಹಾಕ್ಯಾರ, ಪಾಪ, ಅಂತ ನಾನ ಇತ್ಲಾಗ ತಂದೆ."

"ಒಳಗಿಂದೂ ನೀನ ಜೋಡಿಸೀಯಲ್ಲ, ಕಾದಂಬರಿ ಅಂತ ಗೊತ್ತಾಗಲಿಲ್ಲೇನು?"

"ಓದ್ಕೊಂತ ಕುಂತ್ರ ಜೋಡ್ಸೋದು ಯಾವಾಗ್ರಿ? ನಾವು ಅಕ್ಷರ ನೋಡ್ತೀವಿ, ಮಾತು ನೋಡಂಗಿಲ್ಲ."

"ನನಗ್ಯಾಕ ಪ್ರೂಫ್ ತೋರಿಸಲಿಲ್ಲ?"

"ಒಳಗಿಂದೆಲ್ಲ ತೋರಿಸೀನಲ್ರಿ. ರಟ್ಟಿಗೆ ತೋರಿಸೋ ರೂಢಿ ಇಲ್ಲ. ತಮ್ಮ ಪುಸ್ತಕದ ಹೆಸರು ಬರದವ್ರಿಗೆ ಗೊತ್ತ ಇರ್ತೈತಿ."

ಹೊನ್ನೂರಪ್ಪ ಕೆಟ್ಟವನಲ್ಲ. ಮಾಸ್ತರನ ಮುಖ ನೋಡಿ ಕನಿಕರಪಟ್ಟು, ತಿದ್ದುಪಡಿಯ ಚೀಟಿಯನ್ನು ತಾನೇ ಜೋಡಿಸಿ ಐದುನೂರು ತೆಗೆದು, ಸಂಜೆಯ ಬಸ್ಸಿಗೆ ಹಾಕಿಕೊಟ್ಟ. ಕುರುಗೋಡಿನಲ್ಲಿ ಇಳಿದು ಅಂಟು ಕಲಸಿಟ್ಟುಕೊಂಡ ಮೇಲೆ ಗವಿಸಿದ್ದಪ್ಪ ಚೀಟಿಯನ್ನು ಓದಿದ: "ರಟ್ಟಿನ ಮೇಲೆ 'ಶ್ರಾದ್ಧವಿಧಿ' ಎಂದಿರುವಲ್ಲಿ 'ಶ್ರಾದ್ಧವಿಧಿ' ಎಂದು ಓದಿಕೊಳ್ಳಬೇಕಾಗಿ ವಿನಂತಿ."

ಮೂರನೆಯ ದಿನ ಕೊಟ್ರಬಸಪ್ಪ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಬಂದು ಕೂತ.

"ಮಾಸ್ತರ, ನಮ್ಮೊಳಗ ಶ್ರಾದ್ಧ ಐತೇನು?"

"ಇಲ್ರಿ ಮಾವಾರ."

"ಲಿಂಗ ಕಟ್ಟಿದವ್ರು ಸತ್ರ ಲಿಂಗದಾಗ ಕೂಡ್ತೀವಿ. ಪಿಂಡ ತಿನ್ನಾಕ ಯಾರೂ ವಾಪಸ್ ಬರಂಗಿಲ್ಲ. ಹಿಂಗಿರುವಾಗ ನನ್ನ ಅಳಿಯ ಆಗಾವ ಕುಂತು ಶ್ರಾದ್ಧದ ಮ್ಯಾಲ ಇನ್ನೂರು ಪುಟ ಬರದಾನ. ಬರೀಲಿ. ಅದನ್ನ ಮೊಟ್ಟಮೊದಲು ನನ್ನ ಮನಿಗೆ, ನನ್ನ ಹೆಸರಿಗೆ ಟಪಾಲಿಗೆ ಹಾಕ್ಯಾನ. ನಾನಿನ್ನಾ ಬದುಕೇ ಅದೀನಲ್ರೀ!"

"ಒಳಗ ಒಂದೀಟು ನೋಡ್ರಿ ಮಾವಾರ, ಬರೇ ಕಥಿ ಐತಿ."

"ಮ್ಯಾಲ ಇಂಥಾದ್ದು ಬರದಿರುವಾಗ ಒಳಗ ಯಾಂವ ನೋಡ್ತಾನ?" ಕೊಟ್ರಬಸಪ್ಪ ರುಮಾಲು ಕೊಡವಿ ಎದ್ದ. "ಶ್ರಾವಣ ಹುಟ್ಟೂದ್ರೊಳಗ ಅಂಗಡ್ಯಾಗ ಒಂದು ಪ್ರತಿ ಇರಬಾರದು, ನಿಮ್ಮ ಮನ್ಯಾಗ ಒಂದು ಪ್ರತಿ ಇರಬಾರದು. ಇದ್ರ ಲಗ್ನ ಇಲ್ಲ. ನನ್ನ ಮಾತು ಒಂದ."

ಶ್ರಾವಣಕ್ಕೆ ಇಪ್ಪತ್ತು ದಿನ ಉಳಿದಿದ್ದವು. ಗವಿಸಿದ್ದಪ್ಪ ಅಂದೇ ಗಂಟನ್ನು ಹಿತ್ತಲಿಗೆ ಹೊತ್ತು, ಬೆಂಕಿಪೊಟ್ಟಣ ಹಿಡಿದು ಕೂತ. ಸುಡುವ ಮುಂಚೆ ಒಂದು ಸಲ ಮೊದಲ ಪುಟ ನೋಡೋಣವೆಂದು ತೆರೆದ. ಹೊತ್ತು ಮುಳುಗುವಾಗ ಅರವತ್ತನೆಯ ಪುಟದಲ್ಲಿದ್ದ. ಚೆನ್ನಾಗಿಯೇ ಬರೆದಿದ್ದೆನಲ್ಲ ಎನ್ನಿಸಿ ಕಡ್ಡಿ ಗೀರಲು ಕೈ ಬರಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಅವತ್ತು ನೂರಾ ಹತ್ತನೆಯ ಪುಟ.

ಈ ನಡುವೆ ಬಳ್ಳಾರಿಯ ಅಂಗಡಿಯಲ್ಲಿ ಪಂಚಾಂಗಗಳ ಪಕ್ಕ ಇಟ್ಟಿದ್ದ ಹತ್ತರಲ್ಲಿ ಒಂದನ್ನು ನಿವೃತ್ತ ಶಿರಸ್ತೇದಾರರೊಬ್ಬರು ಕೊಂಡುಕೊಂಡಿದ್ದರು. ಅವರ ತಂದೆಯ ಪಿಂಡವನ್ನು ನಾಲ್ಕು ವರ್ಷದಿಂದ ಕಾಗೆ ಮುಟ್ಟಿರಲಿಲ್ಲ. ಅಚ್ಚಾಗದ ಮಾತನ್ನು ನಂಬದ ಮನುಷ್ಯ. ಪುರೋಹಿತರು ಬಾಯಿಪಾಠದಲ್ಲೇ ಏನೋ ನುಂಗುತ್ತಿದ್ದಾರೆಂದು ಅವರ ಗುಮಾನಿ. ಈ ಸಲ ಅವರ ಪುರೋಹಿತರಾದ ಮೋಕದ ಆಚಾರ್ಯರು ಮಂತ್ರ ಮುಗಿಸಿ, ಎಲೆಯನ್ನು ಮಾಳಿಗೆಯ ಮೇಲಿಟ್ಟು, ಎಲ್ಲರೂ ಆಕಾಶ ನೋಡುತ್ತ ಕೂತು ಮುಕ್ಕಾಲು ತಾಸಾದ ಮೇಲೆ ಶಿರಸ್ತೇದಾರರು ಪುಸ್ತಕ ತೆಗೆದು, ಕೋರ್ಟಿನಲ್ಲಿ ಅರ್ಜಿ ಓದುವ ದನಿಯಲ್ಲಿ ಮೊದಲನೆಯ ಸಾಲನ್ನು ಓದಿದರು:

"'ಅಪ್ಪಾ, ಎಲ್ಲಿದ್ದರೂ ಬಾ. ಬಾಗಿಲು ಹಾಕಿಲ್ಲ,' ಎಂದು ಮಗನು ಹೊಳೆಯ ಕಡೆ ಮುಖ ಮಾಡಿ ಕೂಗಿದನು."

ಕಾಗೆ ಬಂತು. ಒಂದಲ್ಲ, ಮೂರು.

ವಾರದೊಳಗೆ ಸುದ್ದಿ ಮೋಕ, ಕುಡತಿನಿ ದಾಟಿ ಆದವಾನಿಯವರೆಗೆ ಹೋಯಿತು. ಅಂಗಡಿಯ ಒಂಬತ್ತು ಪ್ರತಿ ಒಂದೇ ಬೆಳಿಗ್ಗೆ ಮುಗಿದವು. ಆಷಾಢದ ಕೊನೆಯ ವಾರದಲ್ಲಿ ಮೋಕದ ಆಚಾರ್ಯರೇ ಕೋಲೂರಿಕೊಂಡು ಕುರುಗೋಡಿಗೆ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಮಾತು ಮಾತ್ರ ನಿಚ್ಚಳ.

"ಎಷ್ಟು ಪ್ರತಿ ಅವ ಮಾಸ್ತರ? ಎಲ್ಲಾ ಕೊಡ್ರಿ. ಊರೂರಿನ ಪುರೋಹಿತರು ನನ್ನ ಪ್ರಾಣ ಹಿಂಡಲಿಕ್ಕೆ ಹತ್ಯಾರ."

ಗವಿಸಿದ್ದಪ್ಪ ಪ್ರಾಮಾಣಿಕ. ಲಗ್ನ ಉಳಿಯುವ ದಾರಿ ಹೊಸ್ತಿಲಿಗೆ ಬಂದು ನಿಂತಿದ್ದರೂ ಹೇಳಿಯೇಬಿಟ್ಟ: "ಆಚಾರ್ರ, ಅದು ಕಾದಂಬರಿ ರೀ."

"ಗೊತ್ತದ. ಮಗಳ ಕಡೆ ಪೂರ್ತಿ ಓದಿಸಿ ಕೇಳೀನಿ. ಕಡೀ ಪುಟಕ್ಕ ಅತ್ತುಬಿಟ್ಟೆ."

"ಹೆಸರು ತಪ್ಪಾಗೇತಿ. ನಾನಿಟ್ಟದ್ದು ಶ್ರದ್ಧಾವಿಧಿ. ದೀರ್ಘ ಸರಿದುಹೋಗಿ..."

"ಸರಿದದ್ದಲ್ಲ, ತನ್ನ ಜಾಗಕ್ಕ ಬಂದದ," ಎಂದರು ಆಚಾರ್ಯರು. "ಶ್ರದ್ಧೆಯಿಂದ ಮಾಡಿದ್ದೇ ಶ್ರಾದ್ಧ ಅಂತ ಹಿರಿಯರು ಹೇಳ್ಯಾರ. ನಿಮ್ಮ ಶ್ರದ್ಧೆ ಅದರ ಹೊಟ್ಟಿಯೊಳಗೇ ಅದ. ಇನ್ನ ವಿಧಿ. ಮಾಡೋ ಕ್ರಮಕ್ಕೂ ವಿಧಿ ಅಂತೀವಿ, ಹಣಿಬರಹಕ್ಕೂ ವಿಧಿ ಅಂತೀವಿ. ಮೊದಲನೇ ವಿಧಿ ಎಲ್ಲಾ ಮಾಡಿ ಎಲಿ ಇಟ್ಟು ಕೂತ ಮ್ಯಾಲೆ, ಕಾಗಿ ಬರೋದು ಬಿಡೋದು ಎರಡನೇ ವಿಧಿ. ನಿಮ್ಮ ಕಥಿಯೊಳಗ ಆ ಮಗ ಮಾಡಿದ್ದೂ ಅದೇ ಅಲ್ಲೇನು? ಬಾಗಿಲು ತಗದು ಕೂತ. ನೀವಿಟ್ಟ ಹೆಸರಿನೊಳಗ ಶ್ರದ್ಧೆ, ವಿಧಿ ಎರಡೂ ಬ್ಯಾರೆ ಬ್ಯಾರೆ ಪಂಕ್ತಿಯೊಳಗ ಕೂತಿದ್ದವು. ನಿಮ್ಮ ಪ್ರೆಸ್ಸಿನವ ಒಂದೇ ಎಲಿಗೆ ಕೂಡಿಸಿದ."

ತಾನು ಒಂದು ವರ್ಷ ತಿಣುಕಿ ಕಟ್ಟಿದ ಹೆಸರಿಗಿಂತ, ಓದದೆಯೇ ಜೋಡಿಸುವ ಹೊನ್ನೂರಪ್ಪ ಒಂದು ಮೊಳೆ ಸರಿಸಿ ಇಟ್ಟ ಹೆಸರು ಚೆನ್ನಾಗಿದೆಯೆಂದು ಒಪ್ಪಿಕೊಳ್ಳುವುದು ಕನ್ನಡ ಮಾಸ್ತರನಿಗೆ ಸುಲಭವಲ್ಲ. ಗವಿಸಿದ್ದಪ್ಪ ಗಂಟನ್ನು ಬಾಡಿಗೆ ಬಂಡಿಗೆ ಏರಿಸಿದ. ತನಗೆಂದು ಒಂದು ಪ್ರತಿ ತೆಗೆದಿಡಲು ಕೈ ಚಾಚಿದ. ಕೊಟ್ರಬಸಪ್ಪನ ಷರತ್ತು ನೆನಪಾಗಿ ಕೈ ಹಿಂದಕ್ಕೆ ಬಂತು.

ಶ್ರಾವಣಕ್ಕೆ ಎರಡು ದಿನ ಇರುವಾಗ ಸಿರುಗುಪ್ಪಕ್ಕೆ ಹೋದ. ಕೊಟ್ರಬಸಪ್ಪ ಗಿರಣಿಯ ಮುಂದೆ ಬತ್ತ ಮುಟ್ಟಿ ನೋಡುತ್ತಿದ್ದ.

"ಎಷ್ಟು ಉಳದಾವ?"

"ಒಂದೂ ಇಲ್ರಿ."

"ಸುಟ್ರೇನು?"

"ಇಲ್ರಿ. ಎಲ್ಲಾ ಮಾರಾಟ ಆದವು. ಪುರೋಹಿತರು ಒಯ್ದ್ರು."

ಕೊಟ್ರಬಸಪ್ಪನ ಕೈಯಲ್ಲಿ ಬತ್ತ ಹಾಗೇ ಉಳಿಯಿತು. ಈ ಉತ್ತರಕ್ಕೆ ಅವನ ಷರತ್ತಿನಲ್ಲಿ ಜಾಗವೇ ಇರಲಿಲ್ಲ. "ಅಂದ್ರ ಅಂಗಡ್ಯಾಗ ಇಲ್ಲ."

"ಇಲ್ರಿ."

"ನಿಮ್ಮ ಮನ್ಯಾಗ?"

"ನನಗಂತ ಕೂಡ ಒಂದು ಇಟ್ಕೊಂಡಿಲ್ರಿ," ಎಂದ ಗವಿಸಿದ್ದಪ್ಪ.

"ನನ್ನ ಮಾತು ಒಂದ," ಎಂದ ಕೊಟ್ರಬಸಪ್ಪ, ಆ ಒಂದು ಮಾತಿನ ಮೇಲೆ ತನಗೇ ಸಿಟ್ಟು ಬಂದವನಂತೆ. "ಲಗ್ನ ಆಗ್ತೈತಿ." ಆಮೇಲೆ ಅತ್ತಿತ್ತ ನೋಡಿ, ಹತ್ತಿರ ಸರಿದು, "ಆ ಕಾಗಿ... ಖರೇನ ಬಂತಂತೇನು?"

"ಬಂತಂತ್ರಿ. ಮೊದಲನೇ ಸಾಲಿಗೇ."

"ನಮ್ಮೊಳಗ ಅವೆಲ್ಲ ಇಲ್ಲ," ಎಂದ ಕೊಟ್ರಬಸಪ್ಪ. "ಇಲ್ಲ ಅಂದ್ರ ಇಲ್ಲ." ಹೀಗೆನ್ನುತ್ತ ತಲೆಯೆತ್ತಿ ಗಿರಣಿಯ ತಗಡನ್ನು ನೋಡಿದ. ಯಾವ ಪುಸ್ತಕವನ್ನೂ ಕೇಳಿಸಿಕೊಳ್ಳದ ನೂರು ಕಾಗೆ ಅಲ್ಲಿ ನುಚ್ಚಿಗಾಗಿ ಕಾದು ಕೂತಿದ್ದವು.

ಒಳಗೆ ಪಡಸಾಲೆಯಲ್ಲಿ ಚನ್ನಬಸಮ್ಮ ಮಜ್ಜಿಗೆ ತಂದಿಟ್ಟಳು. ದನಿ ತಗ್ಗಿಸಿ ಹೇಳಿದಳು: "ಹೊಳಿಗೆ ಒಗದು ಬಾ ಅಂದಿದ್ರು ಅಪ್ಪಾಜಿ. ರಟ್ಟು ಒಗದು ಬಂದೀನಿ."

"ಒಳಗಿಂದು?"

"ಎರಡು ಸಲ ಓದಿದೆ. ಅವರಪ್ಪ ಬಂದ, ಮಗ ಇಲ್ಲ. ಇನ್ನೊಂದು ಅರ್ಧ ತಾಸು ನಿಂದ್ರಿಸಬಾರದಾಗಿತ್ತೇನ್ರಿ ಅವನ್ನ?"

"ಅದು ವಿಧಿ," ಎಂದ ಗವಿಸಿದ್ದಪ್ಪ.

"ವಿಧಿ ಏನ್ ಬಂತು, ಬರದೋರು ನೀವು!" ಎಂದಳು. "ಮುಂದಿನ ಪುಸ್ತಕದ ಹೆಸರು ನಾ ಇಡ್ತೀನಿ. ಅದರಾಗ ದೀರ್ಘ ಇರಂಗಿಲ್ಲ."

ಲಗ್ನಪತ್ರಿಕೆಯನ್ನು ಬ್ರೂಸ್‌ಪೇಟೆಯ ಅದೇ ಪ್ರೆಸ್ಸಿಗೆ ಕೊಟ್ಟರು. ಗವಿಸಿದ್ದಪ್ಪ ಮೊಳೆಗಳ ಗೂಡಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, ಒಂದೊಂದು ಅಕ್ಷರವನ್ನೂ ಕಣ್ಣಲ್ಲಿ ಹಿಡಿದ. ಹೊನ್ನೂರಪ್ಪನಿಗೆ ಬೇಜಾರಾಯಿತು.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಮಾಸ್ತರ?"

"ನಂಬಿಕಿ ಐತಪ್ಪ," ಎಂದ ಗವಿಸಿದ್ದಪ್ಪ, ಸ್ಟೂಲನ್ನು ಇನ್ನೂ ಒಂದು ಗೇಣು ಹತ್ತಿರ ಎಳೆದುಕೊಂಡು. "ಆದ್ರೂ ಕುಂದರ್ತೀನಿ."